ಸುಮ್ನೆ ಕೂರದ ಬೆಕ್ಕಿನ ಚಿತ್ರ ಬರೆಯೋದು ಹೇಗೆ?

ನಮ್ಮ ಮನೆ ಬೆಕ್ಕಿನದು ಒಂದೇ ಒಂದು ಒಳ್ಳೆ ಫೋಟೋ ನನ್ನ ಹತ್ತಿರ ಇಲ್ಲ. ಮೊಬೈಲಿನಲ್ಲಿ ಅದರ ನಾಲ್ಕುನೂರು ಚಿಲ್ಲರೆ ಫೋಟೋಗಳಿವೆ, ಆ ಮಾತು ಬೇರೆ. ಅರ್ಧದಲ್ಲಿ ಬರೀ ಬಾಲ. ಉಳಿದವುಗಳಲ್ಲಿ ಕಂದು ಬಣ್ಣದ ಮಸುಕು. ಕಿಟಕಿ ಕಟ್ಟೆ ಮೇಲೆ ರಾಣಿ ಹಾಗೆ ಕೂತಿರುತ್ತದೆ, ಬಿಸಿಲು ಕಿವಿಯ ಮೂಲಕ ಹಾದು ಗುಲಾಬಿ ಬಣ್ಣ ಕಾಣುತ್ತಿರುತ್ತದೆ. ನಾನು ಮೊಬೈಲ್ ಎತ್ತಿದ್ದೇ ತಡ, ಎದ್ದು ಮೈಮುರಿದು ಬೆನ್ನು ತೋರಿಸಿ ಹೊರಟುಬಿಡುತ್ತದೆ. ಸೆಕೆಂಡಿಗೆ ಹತ್ತು ಫೋಟೋ ತೆಗೆಯುವ ಯಂತ್ರ ಕೈಲಿಟ್ಟುಕೊಂಡು ನನ್ನ ಪಾಡು ಇದು.

ಹಾಗಿದ್ದರೆ ಕ್ಯಾಮೆರಾನೇ ಸರಿಯಾಗಿ ಇಲ್ಲದ ಕಾಲದಲ್ಲಿ, ಎಣ್ಣೆಬಣ್ಣ ಮತ್ತು ಕುಂಚ ಹಿಡಿದು ಬೆಕ್ಕಿನ ಮರಿಗಳ ಚಿತ್ರ ಬರೆಯುತ್ತಿದ್ದವರು ಏನು ಮಾಡುತ್ತಿದ್ದರು? ಮನುಷ್ಯರಿಗಾದರೆ "ಸ್ವಲ್ಪ ಹೊತ್ತು ಅಲುಗಾಡಬೇಡಿ" ಅನ್ನಬಹುದು. ಬೇಜಾರಾದರೂ ಕೂರುತ್ತಾರೆ. ನಾಯಿಗೆ ತಿಂಡಿಯ ಆಸೆ ತೋರಿಸಬಹುದು. ಬೆಕ್ಕಿಗೆ ಏನು ತೋರಿಸ್ತೀರಿ?

ಈ ಪ್ರಶ್ನೆಗೆ ನಾನು ಕಂಡ ಒಳ್ಳೆಯ ಉತ್ತರ ಹೆನ್ರಿಯೆಟ್ ರೋನರ್-ಕ್ನಿಪ್ ಎಂಬ ಡಚ್ ಕಲಾವಿದೆಯ ಬದುಕಿನಲ್ಲಿದೆ. ಹುಟ್ಟಿದ್ದು 1821ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ತೀರಿಕೊಂಡದ್ದು 1909ರಲ್ಲಿ, ಬ್ರಸೆಲ್ಸಿನ ಇಕ್ಸೆಲ್ ಎಂಬಲ್ಲಿ. ಮೊದಲ ಅರ್ಧ ನಾಯಿಗಳಿಗೆ, ಎರಡನೇ ಅರ್ಧ ಬೆಕ್ಕುಗಳಿಗೆ ಅಂತ ಅವರ ವೃತ್ತಿಯನ್ನು ಹೆಚ್ಚುಕಮ್ಮಿ ಎರಡು ಭಾಗ ಮಾಡಬಹುದು. ಅವರ ಹೆಸರು ಗೊತ್ತಿಲ್ಲದಿದ್ದರೂ ಚಿತ್ರಗಳನ್ನು ನೀವು ನೋಡಿರುವ ಸಾಧ್ಯತೆ ಜಾಸ್ತಿ. ಟೊಪ್ಪಿಗೆ ಡಬ್ಬದೊಳಗೆ ಇಣುಕುವ ಮರಿಗಳು, ರೇಷ್ಮೆ ದಿಂಬಿನ ಮೇಲೆ ಮಲಗಿದ ಉದ್ದ ಕೂದಲಿನ ತಾಯಿಬೆಕ್ಕು, ಇಂಥವು ಕ್ಯಾಲೆಂಡರ್, ಗ್ರೀಟಿಂಗ್ ಕಾರ್ಡುಗಳ ಮೇಲೆ ಇವತ್ತಿಗೂ ಓಡಾಡುತ್ತಿವೆ.

ಅದಕ್ಕೇ ಎಷ್ಟೋ ಜನ ಅವರನ್ನು "ಮುದ್ದು ಬೆಕ್ಕಿನ ಚಿತ್ರದವರು" ಅಂತ ಹೇಳಿ ಮುಂದೆ ಹೋಗುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಚಿತ್ರವನ್ನು ದೊಡ್ಡದು ಮಾಡಿ ಮರಿಯ ಹಿಂಗಾಲಿನ ಕಡೆ ಗಮನ ಕೊಟ್ಟ ಮೇಲೆ ಆ ಮಾತು ವಾಪಸ್ ತಗೊಂಡೆ. ಆ ಕಾಲು ಇರಬೇಕಾದ ಜಾಗದಲ್ಲೇ ಇದೆ. ಮೈಯ ತೂಕ ಬೀಳಬೇಕಾದಲ್ಲೇ ಬಿದ್ದಿದೆ. ಮುದ್ದು ಅನ್ನೋದು ಮೇಲಿನ ಪದರ ಅಷ್ಟೇ.

ಕತ್ತಲೆ ಕೋಣೆಯ ಎರಡು ಗಂಟೆ

ಹೆನ್ರಿಯೆಟ್ ಮನೆಯವರೆಲ್ಲ ಚಿತ್ರಕಾರರೇ. ಅಜ್ಜ ನಿಕೊಲಾಸ್ ಕ್ನಿಪ್ ಚಿತ್ರಕಾರ. ಸೋದರತ್ತೆ ಹೂವಿನ ಚಿತ್ರಗಳಿಗೆ ಹೆಸರಾದವರು. ಅಪ್ಪ ಯೋಸೆಫುಸ್ ಆಗಸ್ಟುಸ್ ಕ್ನಿಪ್ ನಿಸರ್ಗದ ಚಿತ್ರಗಳನ್ನು ಬರೆಯುತ್ತಿದ್ದರು. ನೆಪೋಲಿಯನ್ನನ ತಮ್ಮ ಹಾಲೆಂಡಿನ ರಾಜನಾಗಿದ್ದಾಗ ಶುರು ಮಾಡಿದ ಬಹುಮಾನ ಪಡೆದು ಪ್ಯಾರಿಸ್, ರೋಮ್ ಸುತ್ತಿ ಬಂದವರು. ಅವರ ಮೊದಲ ಹೆಂಡತಿ ಪಾಲೀನ್ ಪಾರಿವಾಳಗಳ ಚಿತ್ರಗಳಿಗೆ ಪ್ಯಾರಿಸಿನಲ್ಲೇ ಹೆಸರು ಮಾಡಿದ್ದರು. ಅಣ್ಣ ಆಗಸ್ಟ್ ಕೂಡ ಚಿತ್ರಕಾರನೇ ಆದ. ಬಣ್ಣದ ವಾಸನೆ ಇಲ್ಲದ ಗಾಳಿಯನ್ನು ಆ ಹುಡುಗಿ ಉಸಿರಾಡಿದ್ದೇ ಕಮ್ಮಿ ಇರಬೇಕು.

ಆದರೆ ಆ ಮನೆಯಲ್ಲಿ ಇನ್ನೊಂದು ವಿಷಯವೂ ಇತ್ತು. ಅಪ್ಪನ ಕಣ್ಣು ಹೋಗುತ್ತಿತ್ತು. ಹೆನ್ರಿಯೆಟ್ ಎರಡು ಮೂರು ವರ್ಷದ ಮಗು ಇದ್ದಾಗ ಒಂದು ಕಣ್ಣು ಹೋಯಿತು. ಅವರಿಗೆ ಹನ್ನೊಂದು ತುಂಬುವ ಹೊತ್ತಿಗೆ ಅಪ್ಪ ಪೂರ್ತಿ ಕುರುಡರಾಗಿದ್ದರು.

ಅಲ್ಲಿಂದ ಮಗಳ ತರಬೇತಿ ಶುರು. ಕಣ್ಣಿಲ್ಲದ ಮೇಷ್ಟ್ರು, ಕಣ್ಣನ್ನೇ ನಂಬಿದ ವಿದ್ಯೆ. ಅಪ್ಪನ ನಿಯಮ ಕಠಿಣವಾಗಿತ್ತು. ಸೂರ್ಯ ಹುಟ್ಟಿದ ಮೇಲೆ ಕುಂಚ ಹಿಡಿದರೆ ಮುಳುಗುವ ತನಕ ಬಿಡುವ ಹಾಗಿಲ್ಲ. ನಡುವೆ ಮಧ್ಯಾಹ್ನ ಎರಡು ಗಂಟೆ ಮಾತ್ರ ವಿರಾಮ. ಅದೂ ಆಟಕ್ಕಲ್ಲ. ಕತ್ತಲೆ ಕೋಣೆಯಲ್ಲಿ ಸುಮ್ನೆ ಕೂತಿರಬೇಕು, ಕಣ್ಣಿಗೆ ಆಯಾಸ ಆಗಬಾರದು ಅಂತ. ತನಗಾದದ್ದು ಮಗಳಿಗೆ ಆಗಬಾರದು ಎಂಬ ಭಯ ಅದು. ಇವತ್ತಿನ ಲೆಕ್ಕದಲ್ಲಿ ನೋಡಿದರೆ ಕ್ರೌರ್ಯ ಅನ್ನಿಸುತ್ತದೆ, ಅಲ್ವಾ? ಹನ್ನೊಂದು ವರ್ಷದ ಮಗು, ಹೊರಗೆ ಬಿಸಿಲು, ಒಳಗೆ ಕತ್ತಲೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಆ ಎರಡು ಗಂಟೆಯಲ್ಲಿ ಆ ಹುಡುಗಿ ಏನು ಮಾಡುತ್ತಿದ್ದಿರಬಹುದು ಅಂತಲೂ ಯೋಚನೆ ಬರುತ್ತದೆ. ಬೆಳಿಗ್ಗೆ ನೋಡಿದ್ದನ್ನೆಲ್ಲ ಮನಸ್ಸಿನಲ್ಲಿ ಮತ್ತೆ ನೋಡುವುದು ಬಿಟ್ಟು ಬೇರೆ ಕೆಲಸವಾದರೂ ಏನಿರುತ್ತದೆ? ಇದು ನನ್ನ ಊಹೆ. ಬೆಕ್ಕಿನ ಚಿತ್ರ ಬರೆಯಲು ಬೇಕಾದ ಮುಖ್ಯ ಸಾಮಾನು ಅದೇ, ನೋಡಿದ್ದನ್ನು ಕಣ್ಣು ಮುಚ್ಚಿ ಮತ್ತೆ ನೋಡುವ ಶಕ್ತಿ.

ಹದಿಹರೆಯದಲ್ಲೇ ಅವರ ಚಿತ್ರಗಳು ಪ್ರದರ್ಶನಗಳಲ್ಲಿ ಮಾರಾಟವಾಗತೊಡಗಿದವು. ಆಮ್‌ಸ್ಟರ್‌ಡ್ಯಾಮಿನಲ್ಲಿ 1839ರಲ್ಲಿ ಶುರುವಾದ ಆರ್ಟಿ ಎತ್ ಅಮಿಚಿತಿಯೇ ಎಂಬ ಕಲಾವಿದರ ಸಂಘದಲ್ಲಿ ಸಕ್ರಿಯ ಸದಸ್ಯತ್ವ ಸಿಕ್ಕ ಮೊದಲ ಹೆಂಗಸು ಅವರೇ. ಆಗ ಹೆಣ್ಣುಮಕ್ಕಳಿಗೆ ಕಲಾಶಾಲೆಗಳ ಬಾಗಿಲು ಮುಚ್ಚಿತ್ತು. ಪ್ಯಾರಿಸಿನ ಸರ್ಕಾರಿ ಕಲಾಶಾಲೆ ಹೆಂಗಸರನ್ನು ಸೇರಿಸಿಕೊಂಡದ್ದೇ 1897ರಲ್ಲಿ. ಬರಿಮೈ ಮನುಷ್ಯರನ್ನು ನೋಡಿ ಬರೆಯುವ ತರಗತಿಗೆ ಹೋಗದೆ ದೊಡ್ಡ ಪುರಾಣದ, ಯುದ್ಧದ ಚಿತ್ರ ಬರೆಯಲಾಗದು. ದೊಡ್ಡ ಚಿತ್ರ ಬರೆಯದೆ ದೊಡ್ಡ ಕಲಾವಿದರು ಅನ್ನಿಸಿಕೊಳ್ಳಲಾಗದು. ಹೀಗಾಗಿ ಹೂವು, ಹಣ್ಣು, ಪ್ರಾಣಿ, ಇವೇ ಹೆಂಗಸರ ಪಾಲಿಗೆ ಉಳಿದವು. ಹೆನ್ರಿಯೆಟ್‌ಗಿಂತ ಒಂದು ವರ್ಷ ಚಿಕ್ಕವರಾದ ಫ್ರಾನ್ಸಿನ ರೋಸಾ ಬೊನರ್ ಕುದುರೆ, ದನಗಳನ್ನು ಆರಿಸಿಕೊಂಡರು. ಸಂತೆಗೆ ಹೋಗಿ ಕುದುರೆ ನೋಡೋಕೆ ಪ್ಯಾಂಟು ಹಾಕಿಕೊಳ್ಳಬೇಕಿತ್ತು, ಅದಕ್ಕೂ ಪೊಲೀಸರ ಅನುಮತಿ ಚೀಟಿ ಮಾಡಿಸಿಕೊಂಡಿದ್ದರು. ಹೆನ್ರಿಯೆಟ್ ಮನೆಯೊಳಗಿನ ಪ್ರಾಣಿಗಳ ಹತ್ತಿರ ಬಂದರು. ಆದರೆ ಅದು ನೇರ ದಾರಿಯಲ್ಲ. ನಡುವೆ ಬೀದಿ ಇತ್ತು.

ಬಡವರ ಕುದುರೆ

ಅಪ್ಪ 1847ರಲ್ಲಿ ತೀರಿಕೊಂಡರು. 1850ರಲ್ಲಿ ಹೆನ್ರಿಯೆಟ್, ಫೈಕೋ ರೋನರ್ ಎಂಬುವರನ್ನು ಮದುವೆಯಾಗಿ ಬ್ರಸೆಲ್ಸಿಗೆ ಬಂದರು. ಗಂಡನಿಗೆ ಆರೋಗ್ಯ ಅಷ್ಟಕ್ಕಷ್ಟೇ. ಆರು ಮಕ್ಕಳು. ಮನೆ ನಡೆಯುತ್ತಿದ್ದದ್ದು ಹೆನ್ರಿಯೆಟ್ ಕುಂಚದಿಂದ. ಗಂಡ ಚಿತ್ರಗಳ ವ್ಯವಹಾರ ನೋಡಿಕೊಳ್ಳುತ್ತಿದ್ದರು.

ಆಗ ಬೆಲ್ಜಿಯಂ ಬೀದಿಗಳಲ್ಲಿ ನಾಯಿಗಾಡಿಗಳು ಓಡಾಡುತ್ತಿದ್ದವು. ಹಾಲು, ತರಕಾರಿ, ಬ್ರೆಡ್ಡು, ಎಲ್ಲವನ್ನೂ ದೊಡ್ಡ ದೊಡ್ಡ ನಾಯಿಗಳು ಎಳೆಯುತ್ತಿದ್ದವು. ಕುದುರೆ ಸಾಕುವಷ್ಟು ಶಕ್ತಿ ಇಲ್ಲದವರಿಗೆ ನಾಯಿಯೇ ಕುದುರೆ. ಲಂಡನ್ನಿನಲ್ಲಿ 1839ರಲ್ಲೇ, ಇಡೀ ಇಂಗ್ಲೆಂಡಿನಲ್ಲಿ 1854ರಲ್ಲಿ ಇದನ್ನು ನಿಲ್ಲಿಸಿದ್ದರು. ಬೆಲ್ಜಿಯಂನಲ್ಲಿ ಅದು ಇಪ್ಪತ್ತನೇ ಶತಮಾನಕ್ಕೂ ನಡೆದು ಬಂತು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಸೈನ್ಯದ ಮೆಷಿನ್ ಗನ್ನುಗಳನ್ನು ಎಳೆದದ್ದೂ ಇಂಥ ನಾಯಿಗಳೇ.

ಹೆನ್ರಿಯೆಟ್ ಈ ನಾಯಿಗಳನ್ನು ಬರೆದರು. 1860ರ ಒಂದು ದೊಡ್ಡ ಚಿತ್ರದಿಂದ ಅವರ ಹೆಸರು ಎದ್ದು ನಿಂತಿತು. ಹೆಸರು "ಗೆಳೆಯನ ಸಾವು". ಬ್ರಸೆಲ್ಸಿನಲ್ಲಿ ಮನೆಯ ನೆಲಕ್ಕೆ ಹರಡಲು ಮರಳು ಮಾರುತ್ತಿದ್ದರು. ಅಂಥ ಮರಳು ಮಾರುವ ಒಬ್ಬ ಬಡವ, ಗಾಡಿ ಎಳೆಯುತ್ತಲೇ ಪ್ರಾಣ ಬಿಟ್ಟ ತನ್ನ ನಾಯಿಗಾಗಿ ಅಳುತ್ತಿದ್ದಾನೆ. ಅಷ್ಟೇ ಚಿತ್ರ.

ಇದನ್ನು ಇನ್ನೊಂದು ಚಿತ್ರದ ಪಕ್ಕ ಇಟ್ಟು ನೋಡಬೇಕು. ಇಂಗ್ಲೆಂಡಿನ ಎಡ್ವಿನ್ ಲ್ಯಾಂಡ್‌ಸೀರ್ ಆ ಕಾಲದ ನಾಯಿ ಚಿತ್ರಗಳ ಮಹಾರಾಜ. ವಿಕ್ಟೋರಿಯಾ ರಾಣಿಯ ನಾಯಿ ಡ್ಯಾಶ್‌ನ ಚಿತ್ರ ಬರೆದವರು. ಕಪ್ಪು ಬಿಳುಪಿನ ಒಂದು ಜಾತಿಯ ದೊಡ್ಡ ನಾಯಿಗೆ ಇವತ್ತಿಗೂ ಅವರದ್ದೇ ಹೆಸರು. 1837ರಲ್ಲಿ ಅವರು ಬರೆದ ಚಿತ್ರವೊಂದರಲ್ಲಿ ಮುದಿ ಕುರುಬನ ಶವಪೆಟ್ಟಿಗೆ ಇದೆ. ಅವನಿಗಾಗಿ ದುಃಖಪಡುವವರು ಬೇರೆ ಯಾರೂ ಇಲ್ಲ. ಅವನ ನಾಯಿ ಮಾತ್ರ ಪೆಟ್ಟಿಗೆಯ ಮೇಲೆ ತಲೆ ಊರಿ ಕೂತಿದೆ. ನೋಡಿದವರ ಕಣ್ಣು ಒದ್ದೆಯಾಗುವ ಚಿತ್ರ. ಆದರೆ ಅಲ್ಲಿ ಅಳುತ್ತಿರುವುದು ನಾಯಿ. ಅಂದರೆ ಮನುಷ್ಯರ ದುಃಖವನ್ನು ಲ್ಯಾಂಡ್‌ಸೀರ್ ನಾಯಿಯ ಮುಖಕ್ಕೆ ಅಂಟಿಸಿದ್ದಾರೆ.

ಹೆನ್ರಿಯೆಟ್ ಚಿತ್ರದಲ್ಲಿ ಅಳುವವನು ಮನುಷ್ಯ. ಸತ್ತ ನಾಯಿ ಸತ್ತ ನಾಯಿಯ ಹಾಗೇ ಬಿದ್ದಿದೆ. ಭಾರವಾಗಿ. ಅದಕ್ಕೆ ಯಾವ ಉದಾತ್ತ ಮುಖಭಾವವನ್ನೂ ಅವರು ಕೊಟ್ಟಿಲ್ಲ. ಆ ಬಡವನ ಅಳುವಿನಲ್ಲಿ ಗೆಳೆಯನನ್ನು ಕಳಕೊಂಡ ದುಃಖವೂ ಇದೆ, ನಾಳೆ ಗಾಡಿ ಎಳೆಯೋರು ಯಾರು ಎಂಬ ಚಿಂತೆಯೂ ಇದೆ ಅಂತ ನನಗೆ ಅನ್ನಿಸುತ್ತದೆ. ಪ್ರಾಣಿಯ ಬಾಯಿಗೆ ಮನುಷ್ಯರ ಮಾತು ತುರುಕದಿರುವ ಈ ಗುಣ ಮುಂದೆ ಬೆಕ್ಕುಗಳಿಗೆ ಬಂದಾಗ ಇನ್ನೂ ದೊಡ್ಡ ಕೆಲಸಕ್ಕೆ ಬಂತು.

ಈ ಚಿತ್ರದ ನಂತರ ದೊಡ್ಡ ಮನೆತನಗಳವರು ಬಾಗಿಲು ತಟ್ಟಿದರು. ಬೆಲ್ಜಿಯಂನ ರಾಣಿ ಮರೀ ಹೆನ್ರಿಯೆಟ್, ಫ್ಲಾಂಡರ್ಸ್‌ನ ಕೌಂಟೆಸ್ ಮರೀ, ಇವರ ಮುದ್ದಿನ ನಾಯಿಗಳ ಚಿತ್ರ ಬರೆಯುವ ಕೆಲಸ ಬಂತು. ಬೀದಿಯಲ್ಲಿ ಗಾಡಿ ಎಳೆಯುವ ನಾಯಿಯಿಂದ ಅರಮನೆಯ ದಿಂಬಿನ ಮೇಲಿನ ನಾಯಿಗೆ.

ನಾಯಿ ಮುಖ, ಬೆಕ್ಕಿನ ಮೈ

1870ರ ಸುಮಾರಿಗೆ ಹೆನ್ರಿಯೆಟ್ ಬೆಕ್ಕುಗಳ ಕಡೆ ತಿರುಗಿದರು. ಆಗ ಅವರಿಗೆ ಐವತ್ತರ ಹತ್ತಿರ. ಇದಕ್ಕೆ ಕಾಲವೂ ಕಾರಣ. ಯುರೋಪಿನಲ್ಲಿ ಬೆಕ್ಕು ಇಲಿ ಹಿಡಿಯುವ ಆಳಿನ ಸ್ಥಾನದಿಂದ ಮನೆಮಂದಿಯ ಸ್ಥಾನಕ್ಕೆ ಬಡ್ತಿ ಪಡೆಯುತ್ತಿತ್ತು. 1871ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆಯಿತು. ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರರೇ ಅದನ್ನು ಏರ್ಪಡಿಸಿದ್ದು. ಉದ್ದ ಕೂದಲಿನ ಅಂಗೋರಾ, ಪರ್ಷಿಯನ್ ಬೆಕ್ಕುಗಳು ಸಿರಿವಂತರ ಮನೆಯ ಗತ್ತಾಗಿದ್ದವು. ಗೋಡೆಗೆ ಅವುಗಳ ಚಿತ್ರ ಬೇಕಿತ್ತು.

ಆದರೆ ನಾಯಿ ಬರೆದ ಕೈಗೆ ಬೆಕ್ಕು ಸುಲಭವಾಗಿ ಒಲಿಯುವುದಿಲ್ಲ. ಯಾಕೆ ಅಂತ ನೋಡೋಣ.

ನಾಯಿಯ ಮುಖದಲ್ಲಿ ನಮಗೆ ಅರ್ಥವಾಗುವ ಭಾಷೆ ಇದೆ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಒಂದು ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಹಾಗೆ ಇಲ್ಲ ಅಂತ 2019ರಲ್ಲಿ ವಿಜ್ಞಾನಿಗಳು ತೋರಿಸಿದರು. ನಿಮ್ಮ ತಟ್ಟೆ ನೋಡುತ್ತಾ ಕೂತ ನಾಯಿಯ ಮುಖ ನೆನೆಸಿಕೊಳ್ಳಿ. ಹುಬ್ಬು ಮೇಲೆ ಹೋಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ನೀವು ಸೋಲುತ್ತೀರಿ. ನಾಯಿ ಬರೆಯುವ ಚಿತ್ರಕಾರರಿಗೆ ಈ ಹುಬ್ಬೇ ಅರ್ಧ ಬಂಡವಾಳ.

ಬೆಕ್ಕಿನ ಮುಖ ಹಾಗಲ್ಲ. ಹೊಟ್ಟೆ ತುಂಬಿದಾಗಲೂ, ಹಸಿದಾಗಲೂ, ನಿಮ್ಮ ದುಬಾರಿ ಪರದೆ ಹರಿದ ಮೇಲೂ ಅದೇ ಮುಖ. ಬೆಕ್ಕು ಮಾತಾಡುವುದು ಮೈಯಿಂದ. ಒಂದೊಂದು ಕಿವಿಗೂ ಇಪ್ಪತ್ತಕ್ಕಿಂತ ಹೆಚ್ಚು ಸ್ನಾಯುಗಳು, ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ನಮ್ಮ ಹಾಗೆ ಭುಜವನ್ನು ಎದೆಗೂಡಿಗೆ ಕಟ್ಟಿಹಾಕುವ ಗಟ್ಟಿ ಕೊರಳೆಲುಬು ಅದಕ್ಕಿಲ್ಲ. ಇರುವ ಚಿಕ್ಕ ಎಲುಬು ಸ್ನಾಯುಗಳ ನಡುವೆ ತೇಲಾಡುತ್ತದೆ. ತಲೆ ತೂರಿದ ಸಂದಿಯಲ್ಲಿ ಮೈ ತೂರುವುದು ಇದರಿಂದಲೇ. ಕೂತ ಬೆಕ್ಕು ಒಂದು ಆಕಾರ, ಮಲಗಿದರೆ ಇನ್ನೊಂದು, ಹೊಂಚು ಹಾಕಿದರೆ ಮತ್ತೊಂದು. ಈ ಎಲ್ಲ ಎಲುಬು, ಕೀಲುಗಳ ಮೇಲೆ ದಪ್ಪ ತುಪ್ಪಳ ಹೊದಿಸಿದೆ ಬೇರೆ. ಒಳಗೆ ಮೊಣಕೈ ಎಲ್ಲಿದೆ ಅಂತ ಗೊತ್ತಿಲ್ಲದೆ ಬರೆದರೆ ಬೆಕ್ಕು ಹತ್ತಿ ತುಂಬಿದ ಗೊಂಬೆಯಾಗುತ್ತದೆ. ಹಳೆಯ ಎಷ್ಟೋ ಚಿತ್ರಗಳಲ್ಲಿ ಬೆಕ್ಕುಗಳು ಹಾಗೇ ಕಾಣುತ್ತವೆ. ಅದೇ ಚಿತ್ರದಲ್ಲಿ ಮನುಷ್ಯರು, ಹಣ್ಣು, ಗಾಜಿನ ಲೋಟ ಎಲ್ಲ ಚೆನ್ನಾಗಿರುತ್ತವೆ. ಬೆಕ್ಕು ಮಾತ್ರ ಯಾರೋ ಮುನಿಸಿಕೊಂಡ ಮುದುಕರ ಹಾಗಿರುತ್ತದೆ.

ಇನ್ನು ಕಣ್ಣು. ಬೆಕ್ಕಿನ ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಗೆರೆಯಷ್ಟು ಸಣ್ಣದಾಗಿ, ಕತ್ತಲಲ್ಲಿ ಪೂರ್ತಿ ದುಂಡಗೆ ಅರಳುತ್ತದೆ. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ನಡುವೆ ವಿಸ್ತೀರ್ಣದ ವ್ಯತ್ಯಾಸ ಸುಮಾರು 135 ಪಟ್ಟು. ಮನುಷ್ಯರಲ್ಲಿ ಇದು ಸುಮಾರು 15 ಪಟ್ಟು. ಹಾಗಾಗಿ ಚಿತ್ರಕಾರರು ಪಾಪೆಯ ಅಳತೆ ಬರೆದ ಕೂಡಲೇ ಕೋಣೆಯಲ್ಲಿ ಎಷ್ಟು ಬೆಳಕಿದೆ ಅಂತಲೂ ಬರೆದ ಹಾಗೆ. ಆಟದ ಉತ್ಸಾಹದಲ್ಲೂ ಪಾಪೆ ಅರಳುತ್ತದೆ. ಕಿಟಕಿ ಪಕ್ಕದ ಬೆಳಕಿನಲ್ಲಿ ಮಲಗಿದ ತಾಯಿಬೆಕ್ಕಿಗೆ ದುಂಡು ಕರಿ ಕಣ್ಣು ಬರೆದುಬಿಟ್ಟರೆ ನೋಡುವವರಿಗೆ ಏನು ತಪ್ಪು ಅಂತ ಹೇಳಲು ಬರದಿದ್ದರೂ ಏನೋ ತಪ್ಪು ಅಂತ ಗೊತ್ತಾಗುತ್ತದೆ.

ಗಾಜಿನ ಮನೆ, ಕಾಗದದ ಬೆಕ್ಕು

ಈಗ ಮೊದಲ ಪ್ರಶ್ನೆಗೆ ಬರೋಣ. ಸುಮ್ನೆ ಕೂರದ್ದನ್ನು ಹಿಡಿಯೋದು ಹೇಗೆ?

ಬ್ರಸೆಲ್ಸಿನ ಅವರ ಮನೆಗೆ ದೊಡ್ಡ ತೋಟವಿತ್ತು. ನಾಯಿ, ಬೆಕ್ಕು, ಗಿಳಿ ಎಲ್ಲ ಇದ್ದವು. ಚಿತ್ರ ಬರೆಯುವ ಕೋಣೆಯಲ್ಲಿ ಹೆನ್ರಿಯೆಟ್ ಒಂದು ವಿಶೇಷ ಪೆಟ್ಟಿಗೆ ಇಟ್ಟುಕೊಂಡಿದ್ದರು. ಮುಂಭಾಗಕ್ಕೆ ಗಾಜು. ಒಳಗೆ ಮೆತ್ತನೆ ದಿಂಬು. ಬೆಕ್ಕು, ಮರಿಗಳನ್ನು ಅದರೊಳಗೆ ಬಿಟ್ಟು ಈಚೆ ಕೂತು ನೋಡುತ್ತಿದ್ದರು. ಅವು ಆಡಲಿ, ಜಗಳವಾಡಲಿ, ನೆಕ್ಕಿಕೊಳ್ಳಲಿ, ನಿದ್ದೆ ಹೋಗಲಿ.

ಇದರ ಜಾಣತನ ಎಲ್ಲಿದೆ ಅಂದರೆ, ಬೆಕ್ಕಿಗೆ ಮುಚ್ಚಿದ ಚಿಕ್ಕ ಜಾಗ ಅಂದರೆ ಇಷ್ಟ. ಮೂರು ಕಡೆ ಗೋಡೆ, ಕೆಳಗೆ ಮೆತ್ತಗೆ, ಬೆನ್ನ ಹಿಂದಿನಿಂದ ಯಾರೂ ಬರೋ ಭಯವಿಲ್ಲ. ಅದು ಬಂಧನ ಅಂತ ಬೆಕ್ಕಿಗೆ ಅನ್ನಿಸಿದ್ದರೆ ಅಲ್ಲಿ ಆಟವೇ ನಡೆಯುತ್ತಿರಲಿಲ್ಲ. ಬೆಕ್ಕನ್ನು ಅಲುಗಾಡದಂತೆ ಮಾಡುವ ಯೋಚನೆಯನ್ನೇ ಅವರು ಬಿಟ್ಟುಬಿಟ್ಟಿದ್ದರು. ಎಷ್ಟು ಬೇಕಾದರೂ ಅಲುಗಾಡಲಿ, ಆದರೆ ನನ್ನ ಕಣ್ಣೆದುರೇ ಅಲುಗಾಡಲಿ.

ಆಮೇಲಿನದು ಲೆಕ್ಕಾಚಾರ. ಬೆಕ್ಕುಗಳು ಒಂದು ಭಂಗಿಯನ್ನು ಒಂದೇ ಸಲ ಮಾಡಿ ಬಿಡುವುದಿಲ್ಲ. ಮರಿ ಬಾಲದ ಮೇಲೆ ಎಗರುವ ಮುಂಚೆ ಹಿಂಭಾಗ ಅಲ್ಲಾಡಿಸುತ್ತದೆ. ಪ್ರತಿ ಸಲವೂ ಅಲ್ಲಾಡಿಸುತ್ತದೆ. ಇಪ್ಪತ್ತು ಸಲ ನೋಡಿದರೆ ಹಿಂಗಾಲು ಎಲ್ಲಿರುತ್ತದೆ, ಮುಂಗಾಲಿನ ಪಂಜ ಯಾವ ಕಡೆ ತಿರುಗಿರುತ್ತದೆ ಅಂತ ಮನಸ್ಸಿನಲ್ಲಿ ಕೂರುತ್ತದೆ. ಒಂದು ಸಲ ನೋಡಿ ಕಾಲು, ಇನ್ನೊಂದು ಸಲ ನೋಡಿ ಬೆನ್ನು, ಮತ್ತೊಂದು ಸಲ ಕಿವಿ. ಒಂದು ಭಂಗಿಯನ್ನು ಹೀಗೆ ಚೂರು ಚೂರಾಗಿ ಕೂಡಿಸಿಕೊಳ್ಳಬಹುದು. ಕತ್ತಲೆ ಕೋಣೆಯ ಹುಡುಗಿಗೆ ಇದು ಹೊಸ ಕೆಲಸವೇನಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಕಂಡ ಭಂಗಿಗಳನ್ನು ಹೆನ್ರಿಯೆಟ್ ಕಾಗದದಲ್ಲಿ ಚಿಕ್ಕ ಚಿಕ್ಕ ಮಾದರಿಗಳಾಗಿ ಮಾಡಿಕೊಳ್ಳುತ್ತಿದ್ದರು. ಕಾಗದದ ಬೆಕ್ಕುಗಳು! ಅವುಗಳನ್ನು ಕುರ್ಚಿ, ದಿಂಬು, ರೇಷ್ಮೆ ಬಟ್ಟೆಗಳ ಜೊತೆ ಜೋಡಿಸಿ ಚಿತ್ರದ ಕಟ್ಟು ನಿರ್ಧರಿಸುತ್ತಿದ್ದರು. ಯಾವ ಮರಿ ಎಲ್ಲಿ, ತಾಯಿ ಎಲ್ಲಿ, ನೆರಳು ಎತ್ತ ಬೀಳುತ್ತದೆ. ಕಾಗದದ ಬೆಕ್ಕು ಎದ್ದು ಹೋಗುವುದಿಲ್ಲ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕೇಳುತ್ತಾರಲ್ಲ, ಇಲ್ಲಿ ಉತ್ತರ ಸಿಕ್ಕಿತು.

ಈಗ ಬಣ್ಣ. ತುಪ್ಪಳ ಬರೆಯುವಾಗ ಹೊಸಬರು ಮಾಡುವ ತಪ್ಪು ಒಂದೊಂದೇ ಕೂದಲು ಎಳೆಯಲು ಕೂರುವುದು. ಹಾಗೆ ಮಾಡಿದರೆ ಬೆಕ್ಕು ಹೋಗಿ ಮುಳ್ಳುಹಂದಿ ಆಗುತ್ತದೆ. ನಾವು ತುಪ್ಪಳ ನೋಡುವಾಗ ಕೂದಲು ನೋಡುವುದಿಲ್ಲ. ಮೃದುವಾದ ಒಂದು ಗುಡ್ಡೆ, ಅದರ ಬೆಳಕು ನೆರಳು ನೋಡುತ್ತೇವೆ. ಕೂದಲು ಎದ್ದು ಕಾಣುವುದು ಕೆಲವೇ ಕಡೆ. ಮೈಯ ಅಂಚಿನಲ್ಲಿ, ಕಿವಿಯೊಳಗೆ, ಮೊಣಕೈ ಮಡಚಿದಲ್ಲಿ ತುಪ್ಪಳ ಬಿರಿಯುತ್ತದಲ್ಲ, ಅಲ್ಲಿ. ಹಾಗಾಗಿ ಮೊದಲು ಬಣ್ಣದ ದೊಡ್ಡ ಹರವು, ಅದು ಹಸಿ ಇರುವಾಗಲೇ ಅಂಚುಗಳನ್ನು ಮೆತ್ತಗೆ ಹಿನ್ನೆಲೆಯೊಳಗೆ ಎಳೆದು ಕರಗಿಸುವುದು, ಆಮೇಲೆ ಬೇಕಾದಲ್ಲಿ ಮಾತ್ರ ನಾಲ್ಕು ಎಳೆ. ಮೀಸೆ ಎಲ್ಲಕ್ಕಿಂತ ಕೊನೆಗೆ. ಒಂದೇ ಉಸಿರಿನ ಒಂದು ಗೆರೆ, ಬುಡದಲ್ಲಿ ದಪ್ಪ, ತುದಿಯಲ್ಲಿ ಇಲ್ಲವಾಗಬೇಕು. ಕೈ ನಡುಗಿದರೆ ಮುಗೀತು.

ಹೆನ್ರಿಯೆಟ್ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ಹಿಂದಿನ ಪರದೆ, ಗೋಡೆ ಎಲ್ಲ ಸಡಿಲವಾಗಿ ಕುಂಚ ಆಡಿಸಿದ ಗುರುತುಗಳು. ತುಪ್ಪಳಕ್ಕೆ ಬಂದಾಗ ಕೈ ಬಿಗಿಯಾಗುತ್ತದೆ. ಕಣ್ಣಿಗೆ ಬಂದಾಗ ಇನ್ನೂ ಬಿಗಿ. ನಮ್ಮ ನೋಟವೂ ಅದೇ ಹಾದಿಯಲ್ಲಿ ಹೋಗುತ್ತದೆ.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಅವರ ಒಂದು ಚಿಕ್ಕ ಚಿತ್ರವಿದೆ. ಮೇಜಿನ ಮೇಲೆ ಡೊಮಿನೊ ಬಿಲ್ಲೆಗಳು. ಒಂದು ಮರಿ ಅವುಗಳ ಜೊತೆ ಆಡುತ್ತಿದೆ. ಬರೆದ ವರ್ಷ ಗೊತ್ತಿಲ್ಲದ್ದರಿಂದ 1860ರಿಂದ 1878ರ ನಡುವೆ ಅಂತ ಮ್ಯೂಸಿಯಂ ಹೇಳುತ್ತದೆ. ಆ ಮರಿಗೆ ಡೊಮಿನೊ ಆಟ ಗೊತ್ತಿಲ್ಲ. ಗೊತ್ತಿರುವ ಹಾಗೆ ಹೆನ್ರಿಯೆಟ್ ಬರೆದೂ ಇಲ್ಲ. ಅದಕ್ಕೆ ಬೇಕಿರುವುದು ಮುಟ್ಟಿದರೆ ಜಾರುವ, ಸದ್ದು ಮಾಡುವ ಒಂದು ವಸ್ತು ಅಷ್ಟೇ. ಮನುಷ್ಯರ ಮೇಜು, ಮನುಷ್ಯರ ಆಟ, ಬೆಕ್ಕಿನ ಉದ್ದೇಶ.

ಇಲ್ಲೇ ಅವರು ಬೇರೆಯವರಿಂದ ದೂರ ನಿಲ್ಲುತ್ತಾರೆ. ಸ್ವಲ್ಪ ಕಾಲದ ನಂತರ ಇಂಗ್ಲೆಂಡಿನಲ್ಲಿ ಲೂಯಿ ವೇನ್ ಬಂದರು. ಅವರ ಬೆಕ್ಕುಗಳು ಕನ್ನಡಕ ಹಾಕುತ್ತವೆ, ಟೀ ಕುಡಿಯುತ್ತವೆ, ಇಸ್ಪೀಟ್ ಆಡುತ್ತವೆ. ಮಜವಾಗಿವೆ, ನನಗೂ ಇಷ್ಟ. ಆದರೆ ಅವು ಬೆಕ್ಕಿನ ವೇಷ ಹಾಕಿದ ಇಂಗ್ಲಿಷರು. ಅದೇ ಕಾಲದಲ್ಲಿ ಬ್ರೈಟನ್ ಊರಿನ ಹ್ಯಾರಿ ಪಾಯಿಂಟರ್ ಎಂಬ ಫೋಟೋಗ್ರಾಫರ್ ಬೆಕ್ಕುಗಳನ್ನು ಚಿಕ್ಕ ಸೈಕಲ್ಲು, ಬುಟ್ಟಿಗಳಲ್ಲಿ ಕೂರಿಸಿ ಫೋಟೋ ತೆಗೆದು ಮಾರುತ್ತಿದ್ದರು. ಇವತ್ತಿನ ಬೆಕ್ಕಿನ ಮೀಮ್‌ಗಳ ಮುತ್ತಾತ ಅವರೇ. ಇನ್ನು ಅಮೆರಿಕದಲ್ಲಿ ಕಾರ್ಲ್ ಕಾಲರ್ ಎಂಬ ಆಸ್ಟ್ರಿಯಾದ ಚಿತ್ರಕಾರರು ಒಬ್ಬ ಸಿರಿವಂತ ಹೆಂಗಸಿನ 42 ಬೆಕ್ಕುಗಳನ್ನು ಒಂದೇ ಚಿತ್ರದಲ್ಲಿ ತುಂಬಿದರು. ಸುಮಾರು ಆರಡಿ ಎತ್ತರ, ಎಂಟೂವರೆ ಅಡಿ ಅಗಲ, ನೂರು ಕಿಲೋ ದಾಟಿದ ತೂಕ. 2015ರಲ್ಲಿ ಅದು 8 ಲಕ್ಷ ಡಾಲರ್ ಮೀರಿದ ಬೆಲೆಗೆ ಹರಾಜಾಯಿತು. 42 ಬೆಕ್ಕುಗಳಿದ್ದರೂ ಒಂದೂ ಇನ್ನೊಂದರ ಜೊತೆ ನಿಜವಾಗಿ ಆಡುತ್ತಿದೆ ಅಂತ ನನಗೆ ಅನ್ನಿಸಿಲ್ಲ. ಎಲ್ಲವೂ ಗ್ರೂಪ್ ಫೋಟೋಗೆ ನಿಂತ ಹಾಗಿವೆ.

ಹೆನ್ರಿಯೆಟ್ ಬೆಕ್ಕುಗಳಿಗೆ ನಾವು ನೋಡುತ್ತಿದ್ದೇವೆ ಎಂಬ ಪರಿವೆಯೇ ಇಲ್ಲ. ಗಾಜಿನ ಪೆಟ್ಟಿಗೆಯ ಕೊಡುಗೆ ಅದು.

ಹಾಗಂತ ಅವರ ಚಿತ್ರಗಳಲ್ಲಿ ಕೊರತೆ ಇಲ್ಲ ಅಂತಲ್ಲ. ಬೇಡಿಕೆ ಹೆಚ್ಚಾದಂತೆ ಅದೇ ದಿಂಬು, ಅದೇ ಜಾಲರಿ, ಅದೇ ಮೂರು ಮರಿಗಳು ಮತ್ತೆ ಮತ್ತೆ ಬಂದವು. ಇಲಿಯ ರಕ್ತ ಒಂದು ಹನಿಯೂ ಆ ರತ್ನಗಂಬಳಿಗಳ ಮೇಲೆ ಬೀಳುವುದಿಲ್ಲ. ಬೆಕ್ಕಿಗೆ ಚೆಲ್ಲಾಟ ಇದೆ, ಇಲಿಯ ಪ್ರಾಣಸಂಕಟ ಇಲ್ಲ. ಕೊಳ್ಳುವವರ ಬೈಠಕ್‌ಖಾನೆಗೆ ಅದು ಬೇಡವಾಗಿತ್ತು. ಆರು ಮಕ್ಕಳ ಮನೆ ನಡೆಸಬೇಕಾದವರು ಗಿರಾಕಿಗೆ ಬೇಕಾದ್ದನ್ನು ಬರೆದರು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಗಾಡಿ ನಾಯಿಯ ಸಾವನ್ನು ಬರೆದ ಕೈ ಅದೇ ಅನ್ನೋದು ನೆನಪಾದಾಗ ಮಾತ್ರ ಸ್ವಲ್ಪ ಕಸಿವಿಸಿ ಆಗುತ್ತದೆ.

ಗೌರವಗಳಂತೂ ಬಂದವು. 1887ರಲ್ಲಿ ಬೆಲ್ಜಿಯಂನ ಆರ್ಡರ್ ಆಫ್ ಲಿಯೊಪೋಲ್ಡ್, 1901ರಲ್ಲಿ ಹುಟ್ಟಿದ ನೆಲದಿಂದ ಆರ್ಡರ್ ಆಫ್ ಆರೆಂಜ್-ನಸ್ಸಾವ್. 1893ರ ಶಿಕಾಗೋ ವಿಶ್ವ ಪ್ರದರ್ಶನಕ್ಕೂ ಚಿತ್ರಗಳು ಹೋದವು. ಮಕ್ಕಳಲ್ಲಿ ಆಲಿಸ್, ಆಲ್ಫ್ರೆಡ್, ಎಮ್ಮಾ ಚಿತ್ರಕಾರರಾಗಿ ಅಮ್ಮನ ಜೊತೆಯಲ್ಲೇ ಪ್ರದರ್ಶನಗಳಲ್ಲಿ ಕಾಣಿಸಿಕೊಂಡರು.

1894ರಲ್ಲಿ ಪ್ಯಾರಿಸಿನ ಎತಿಯೆನ್ ಝೂಲ್ ಮಾರೆ ಎಂಬ ವಿಜ್ಞಾನಿ ಬೆಕ್ಕೊಂದನ್ನು ತಲೆಕೆಳಗಾಗಿ ಬಿಟ್ಟು, ಅದು ಗಾಳಿಯಲ್ಲೇ ತಿರುಗಿ ಕಾಲ ಮೇಲೆ ಇಳಿಯುವುದನ್ನು ಸಾಲು ಸಾಲು ಫೋಟೋಗಳಲ್ಲಿ ಹಿಡಿದರು. ಬೆಕ್ಕಿನ ಚಲನೆ ಕ್ಯಾಮೆರಾಗೆ ಸಿಕ್ಕಿತು. ಆಗ ಹೆನ್ರಿಯೆಟ್‌ಗೆ 73 ವರ್ಷ. ಬರೀ ಕಣ್ಣಿನಲ್ಲಿ ಅದನ್ನು ಹಿಡಿಯುವ ಕೆಲಸ ಶುರು ಮಾಡಿ ಅವರಿಗೆ ಎರಡು ದಶಕಗಳ ಮೇಲಾಗಿತ್ತು. ಕುರುಡ ಅಪ್ಪ ಅಷ್ಟು ಕಾಪಾಡಿದ ಕಣ್ಣುಗಳು ಇಳಿವಯಸ್ಸಿನಲ್ಲೂ ಕೆಲಸ ಮಾಡುತ್ತಿದ್ದವು.

ಮೊನ್ನೆ ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ರಟ್ಟಿನ ಡಬ್ಬ ಬಿಸಾಡದೆ ಕಿಟಕಿ ಪಕ್ಕ ಇಟ್ಟೆ. ಹಳೇ ಟವಲ್ ಹಾಸಿದೆ. ಮೊಬೈಲನ್ನು ಬೇರೆ ಕೋಣೆಯಲ್ಲಿ ಬಿಟ್ಟು ಬಂದು ಕೂತೆ. ಹತ್ತು ನಿಮಿಷದಲ್ಲಿ ಬೆಕ್ಕು ಬಂತು. ಡಬ್ಬವನ್ನು ಮೂಸಿತು, ಒಂದು ಸುತ್ತು ಹಾಕಿತು, ಒಳಗೆ ಹೋಗಿ ಟವಲನ್ನು ಮುಂಗಾಲಿನಿಂದ ತುಳಿಯತೊಡಗಿತು. ಎಡ, ಬಲ, ಎಡ, ಬಲ. ಪ್ರತಿ ಸಲ ತುಳಿಯುವಾಗಲೂ ಬೆರಳುಗಳು ಬಿಡಿಸಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ, ಎಡಗಡೆ ಕಿವಿ ಮಾತ್ರ ನನ್ನ ಕಡೆ ತಿರುಗಿರುತ್ತದೆ. ಏಳು ವರ್ಷದಿಂದ ಮನೆಯಲ್ಲಿರುವ ಬೆಕ್ಕು. ಆ ಎಡಗಿವಿಯನ್ನು ನಾನು ನೋಡಿದ್ದು ಅವತ್ತೇ.